ಹಣ್ಣಾಗುವವರೆಗೆ ಕಾಯುವ ಹಕ್ಕು

ಮಳೆಗಾಲ ಹಿಡಿಯುತ್ತಿದ್ದಂತೆ ಉತ್ತರ ಕನ್ನಡದ ಘಟ್ಟದ ಕಾಡುಗಳಲ್ಲಿ ಉಪ್ಪಾಗೆ ಹಣ್ಣಾಗತೊಡಗುತ್ತದೆ. ಸಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಸೀಮೆಯ ಕಾಡಂಚಿನ ಮನೆಗಳಲ್ಲಿ ಅದು ಒಲೆ ಆರದ ಕಾಲ. ಹಣ್ಣನ್ನು ಒಡೆದು ಬೀಜ ಬೇರ್ಪಡಿಸಿ, ಸಿಪ್ಪೆಯನ್ನು ಅಟ್ಟದ ಮೇಲೆ ಹರವಿ, ಕೆಳಗೆ ಬೆಂಕಿ ಮಾಡಿ ಒಣಗಿಸುತ್ತಾರೆ. ಹೀಗೆ ಕಪ್ಪಾಗಿ ಒಣಗಿದ ಸಿಪ್ಪೆ ಕೇರಳದ ಮೀನುಸಾರಿಗೆ ಹುಳಿಯಾಗುತ್ತದೆ. ಕೊಡಗಿನಲ್ಲಿ ಇದೇ ಹಣ್ಣಿನ ರಸವನ್ನು ಕಾಯಿಸಿ ಕಾಚಂಪುಳಿ ಮಾಡುತ್ತಾರೆ. ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವಂತೂ ಮಲೆನಾಡಿನ ಅಡುಗೆಮನೆಗೆ ಹೊಸತಲ್ಲ.

ತಲೆಮಾರುಗಳಿಂದ ಸದ್ದಿಲ್ಲದೆ ನಡೆದುಬಂದ ಈ ಬಳಕೆಗೆ 1990ರ ದಶಕದಲ್ಲಿ ಪೇಟೆಯ ಗಾಳಿ ತಗುಲಿತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರ ಪಶ್ಚಿಮದ ದೇಶಗಳಲ್ಲಿ ಹಬ್ಬಿ, ಬೇಡಿಕೆ ಏರಿತು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇದನ್ನು ಸೇವಿಸಿದವರ ತೂಕ ಔಷಧಾಂಶವಿಲ್ಲದ ಗುಳಿಗೆ ನುಂಗಿದವರಿಗಿಂತ ಹೆಚ್ಚಾಗಿ ಇಳಿಯಲಿಲ್ಲವೆಂದು ತಿಳಿದುಬಂತು. ಸಮುದ್ರದಾಚೆಯ ಇಂಥ ನಂಬಿಕೆ, ಅಪನಂಬಿಕೆಗಳಿಗೆ ತಕ್ಕಂತೆ ಏರಿಳಿಯುವ ದರದ ಕಾರಣ ಕೊನೆಗೆ ತಿಳಿಯುವುದು ಕಾಡಿನಲ್ಲಿ ಮರ ಹತ್ತುವವನಿಗೆ.

ದರ ಏರಿದಾಗ ಎಳೆಗಾಯಿಗಳನ್ನೇ ಉದುರಿಸಿದರು, ಕೊಂಬೆಗಳನ್ನು ಕಡಿದರು. ಆಗ ಎಲ್ಲರ ಬೆರಳು ತಿರುಗಿದ್ದು ಸಂಗ್ರಹಕಾರರ ಕಡೆಗೆ. ಅವರ ದುರಾಸೆಯಿಂದಲೇ ಕಾಡು ಹಾಳಾಗುತ್ತಿದೆ, ಸಂಗ್ರಹವನ್ನೇ ನಿಷೇಧಿಸಬೇಕು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಆದರೆ ಆ ಅವಸರದ ಮೂಲವನ್ನು ಹುಡುಕಬೇಕಾದದ್ದು ಮನುಷ್ಯನ ಗುಣದಲ್ಲಲ್ಲ, ವ್ಯವಸ್ಥೆಯಲ್ಲಿ.

ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವನ್ನು ಅರಣ್ಯ ಇಲಾಖೆ ದಶಕಗಳ ಕಾಲ ಟೆಂಡರ್ ಮೂಲಕ ಗುತ್ತಿಗೆದಾರರಿಗೆ ಒಪ್ಪಿಸುತ್ತ ಬಂದಿತು. ಗುತ್ತಿಗೆದಾರನ ಲೆಕ್ಕ ಗುತ್ತಿಗೆಯ ಅವಧಿಯೊಂದಿಗೆ ಮುಗಿಯುತ್ತದೆ. ಮರ ಹತ್ತುವವನಿಗಾದರೋ ಆ ಮರದ ಮೇಲೆ ಯಾವ ಅಧಿಕಾರವೂ ಇಲ್ಲ. ಇಂದು ಹಣ್ಣಾಗಲೆಂದು ಆತ ಬಿಟ್ಟ ಕಾಯಿ ನಾಳೆ ಇನ್ನೊಬ್ಬರ ಚೀಲ ಸೇರುತ್ತದೆ. ಇಂಥಲ್ಲಿ ಕಾಯುವವನು ಸೋಲುತ್ತಾನೆ, ಅವಸರಪಟ್ಟವನು ಒಂದು ಹೊತ್ತಿನ ಗಂಜಿ ಕಾಣುತ್ತಾನೆ. ಬಲಿಯದ ಕಾಯಿಯ ಬೀಜದಿಂದ ತುಪ್ಪವೂ ಇಲ್ಲ, ಸಸಿಯೂ ಇಲ್ಲ. ನಷ್ಟ ಕಾಡಿಗೂ ಹೌದು, ಮನೆಗೂ ಹೌದು.

ಇದಕ್ಕೆ ಪ್ರತಿಯಾದ ನಿದರ್ಶನ ಅದೇ ಸೀಮೆಯ ಸೊಪ್ಪಿನಬೆಟ್ಟಗಳಲ್ಲಿದೆ. ಬ್ರಿಟಿಷರ ಕಾಲದಿಂದ ಅಡಿಕೆ ತೋಟಿಗರಿಗೆ ಬಿಟ್ಟುಕೊಟ್ಟ ಈ ಬೆಟ್ಟಗಳಲ್ಲಿ ಮರ ಯಾರ ಸುಪರ್ದಿಯಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಅಲ್ಲಿ ಹಣ್ಣಿಗಾಗಿ ಕಾಯುವುದು ಸಾಧ್ಯ. ಬೆಟ್ಟದ ಒಡೆಯರು ಹೆಚ್ಚು ಸಾತ್ವಿಕರೆಂದೇನೂ ಅಲ್ಲ. ಅವರಿಗೆ ನಾಳೆಯ ಭರವಸೆಯಿದೆ, ಅಷ್ಟೆ. ತೋಟವೂ ಇಲ್ಲದ, ಬೆಟ್ಟವೂ ಇಲ್ಲದ ಕುಟುಂಬಗಳಿಗೆ ಆ ಭರವಸೆಯನ್ನು ಕೊಟ್ಟವರಾರು?

ಕೊಡಬೇಕೆಂದು ಕಾನೂನು ಹೇಳುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ, ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ನೀಡಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಸಿದ್ದಿಗಳು 2003ರಲ್ಲಿ ಪಂಗಡದ ಪಟ್ಟಿ ಸೇರಿದರು. ಉಳಿದ ಅನೇಕರ ಅರ್ಜಿಗಳು ದಾಖಲೆಯಿಲ್ಲವೆಂಬ ಕಾರಣಕ್ಕೆ ತಿರಸ್ಕೃತವಾಗಿವೆ. ದಾರಿಯೇ ಇಲ್ಲವೆನ್ನುವಂತಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲಿಯೇ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು.

ಹಕ್ಕೊಂದೇ ಸಾಕೆಂದು ಭಾವಿಸುವುದೂ ತಪ್ಪಾದೀತು. ಜಡಿಮಳೆಯಲ್ಲಿ ಬಿಸಿಲನ್ನು ನೆಚ್ಚಲಾಗದ ಕಾರಣ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯುತ್ತದೆ. ಒಂದು ಮರದ ಫಲಕ್ಕೆ ಇನ್ನೊಂದು ಮರ ಬೂದಿಯಾದರೆ ಅದು ಸಂರಕ್ಷಣೆಯಲ್ಲ. ಉಪ್ಪಾಗೆಯಲ್ಲಿ ಗಂಡು ಮರಗಳೂ ಇವೆ. ಕಾಯಿ ಬಿಡದವೆಂದು ಅವು ಒಲೆ ಸೇರಿದರೆ ಹೆಣ್ಣು ಮರವೂ ಬರಡಾಗುತ್ತದೆ. ಸಿಂಗಳೀಕಗಳಿಗೂ ಈ ಹಣ್ಣು ಆಹಾರ. ಅವುಗಳ ರಕ್ಷಣೆಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯ ಕಾಡು ಸಂರಕ್ಷಣಾ ಮೀಸಲಾಯಿತು. ಮರದ ತುದಿಯ ಹಣ್ಣು ಅವುಗಳ ಪಾಲಿಗೆ ಉಳಿಯಲೇಬೇಕು.

ಆದ್ದರಿಂದ ಹಕ್ಕಿನ ಜೊತೆಗೆ ಕಟ್ಟಳೆಯೂ ಬೇಕು. ಕೊಯ್ಲು ಯಾವ ದಿನ ಆರಂಭವಾಗಬೇಕು, ಪ್ರತಿ ಮರದಲ್ಲಿ ಎಷ್ಟು ಹಣ್ಣು ಉಳಿಯಬೇಕು, ಬೀಜದ ಒಂದು ಪಾಲು ಹೇಗೆ ಕಾಡಿಗೆ ಮರಳಬೇಕು ಎಂಬುದನ್ನು ಆಯಾ ಊರಿನ ಗ್ರಾಮಸಭೆ ತೀರ್ಮಾನಿಸಲಿ. ಕಡಿಮೆ ಸೌದೆ ಬೇಡುವ ಒಲೆಗಳಿಗೆ ಸರ್ಕಾರ ನೆರವು ನೀಡಲಿ. ಒಣಸಿಪ್ಪೆಯನ್ನು ಸಹಕಾರ ಸಂಘಗಳು ಕೊಳ್ಳಲಿ. ಮಾಗಿದ ಹಣ್ಣಿನ ಸಿಪ್ಪೆಗೆ ಹೆಚ್ಚು ದರ ದೊರೆಯಲಿ.

ಬೀಜದಿಂದ ಎದ್ದ ಉಪ್ಪಾಗೆ ಗಿಡ ಫಲ ಕೊಡಲು ಹತ್ತಾರು ಮಳೆಗಾಲ ಬೇಕು. ಅಷ್ಟು ಕಾಲ ಅದನ್ನು ಕಾಯುವವರು ಗುತ್ತಿಗೆದಾರರಲ್ಲ, ಕಡತಗಳೂ ಅಲ್ಲ. ಅದರ ಬುಡದಲ್ಲೇ ಬದುಕು ಕಟ್ಟಿಕೊಂಡವರು. ಅವರನ್ನು ಕಾಡಿನಿಂದ ಹೊರಗಿಟ್ಟು ಕಾಡನ್ನು ಉಳಿಸುತ್ತೇವೆನ್ನುವುದು, ಬೇರನ್ನು ಕಡಿದು ಎಲೆಗೆ ನೀರು ಚಿಮುಕಿಸಿದಂತೆ.