ಸಿಹಿನೀರಿನ ಹಡಗುಗಳ ಗುಜರಿ ಲೆಕ್ಕ

ಎರಡು ಪ್ರನಾಳ, ಎರಡು ಕಬ್ಬಿಣದ ಮೊಳೆ. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಉಪ್ಪು ಕದಡಿದ ನೀರು. ಈ ಪ್ರಯೋಗವನ್ನು ಪ್ರತಿ ವರ್ಷ ಮಾಡಿಸುತ್ತೇನೆ. ಕೆಲವು ದಿನಗಳಲ್ಲೇ ಉಪ್ಪುನೀರಿನ ಮೊಳೆ ಹೆಚ್ಚು ಕೆಂಪಾಗಿರುತ್ತದೆ. ಈ ಸಲ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಹಾಗಾದ್ರೆ ಸಿಹಿನೀರಲ್ಲೇ ಓಡಾಡೋ ಹಡಗಿಗೆ ಮುಪ್ಪೇ ಬರಲ್ವಾ?” ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ! ಆ ಉತ್ತರವೇ ಈ ವಾರದ ಅಂಕಣ.

ಉತ್ತರ ಸಿಗುವುದು ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ. ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಸುಪೀರಿಯರ್ ಒಂದರ ವಿಸ್ತಾರವೇ ಸುಮಾರು 82,000 ಚದರ ಕಿಲೋಮೀಟರ್. ಮಿನ್ನೆಸೋಟದ ಕಬ್ಬಿಣದ ಅದಿರನ್ನು ಡುಲೂತ್ ಬಂದರಿನಲ್ಲಿ ತುಂಬಿಕೊಂಡು ಉಕ್ಕಿನ ಕಾರ್ಖಾನೆಗಳಿಗೆ ಒಯ್ಯುವ ಹಡಗುಗಳು ಇಲ್ಲಿವೆ. ಹಳೆಯವುಗಳ ರೂಪವೇ ವಿಚಿತ್ರ. ಚುಕ್ಕಾಣಿಯ ಕೋಣೆ ಮೂತಿಯ ತುದಿಯಲ್ಲಿ, ಎಂಜಿನ್ ಮತ್ತು ಹೊಗೆಗೊಳವೆ ಬಾಲದಲ್ಲಿ, ನಡುವೆ ಉದ್ದಕ್ಕೂ ಅದಿರಿನ ಕಣಜ. ಇನ್ನೂರು ಮೀಟರ್ ಉದ್ದವಿದ್ದರೂ ಅಲ್ಲಿನವರ ಬಾಯಲ್ಲಿ ಇದು ಬರೀ ‘ಬೋಟು’.

ಕಡಲ ಹಡಗಿನ ಆಯಸ್ಸು ಸಾಮಾನ್ಯವಾಗಿ 25-30 ವರ್ಷ. ಇಲ್ಲಿಯದು ಬೇರೆ. 1906ರಲ್ಲಿ ನೀರಿಗಿಳಿದ ‘ಸೇಂಟ್ ಮೇರೀಸ್ ಚಾಲೆಂಜರ್’ 2013ರವರೆಗೆ ಸ್ವಂತ ಶಕ್ತಿಯಿಂದ ಓಡಿತು. ಆಮೇಲೂ ಅದರ ಒಡಲನ್ನು ಎಸೆಯಲಿಲ್ಲ. ಎಂಜಿನ್ ತೆಗೆದು ದೂಡಿಸಿಕೊಂಡು ಹೋಗುವ ದೋಣಿಯಾಗಿ ಮಾರ್ಪಡಿಸಿದರು. ಅಜ್ಜ ನೋಡಿದ ಹಡಗನ್ನೇ ಮೊಮ್ಮಗನೂ ದಡದಲ್ಲಿ ನಿಂತು ನೋಡಿದ ಎಂದಾಯಿತು. ಆ ಜನರಿಗೆ ಹಡಗಿನ ಮೇಲೆ ಅಷ್ಟು ಪ್ರೀತಿ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಕಬ್ಬಿಣ ತುಕ್ಕು ಹಿಡಿಯುವಾಗ ಅದರ ಒಂದು ಭಾಗದಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ಹರಿಯುತ್ತವೆ. ಈ ಪುಟ್ಟ ವಿದ್ಯುನ್ಮಂಡಲ ಪೂರ್ಣವಾಗಲು ನೀರಿನಲ್ಲಿ ಅಯಾನುಗಳು ಚಲಿಸಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ, ಅಯಾನುಗಳಿಗೆ ಬರವಿಲ್ಲ. ಸರೋವರದಲ್ಲಿ ಅದರ ನೂರನೇ ಒಂದು ಪಾಲೂ ಇಲ್ಲ. ಹಾಗಾಗಿ ಅಲ್ಲಿ ತುಕ್ಕು ನಿಧಾನ. ನಿಧಾನ ಎಂದೆ, ಇಲ್ಲವೆಂದಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದೀರಿ ಜೋಕೆ!

ಹಾಗಾದರೆ ಈ ಹಡಗುಗಳು ಗುಜರಿಗೆ ಹೋಗುವುದು ಏಕೆ? ತುಕ್ಕಿನಿಂದಲ್ಲ, ಲೆಕ್ಕದಿಂದ. 1975ರ ನವೆಂಬರ್ 10ರ ಬಿರುಗಾಳಿಯಲ್ಲಿ 29 ಜನರೊಂದಿಗೆ ಮುಳುಗಿದ ‘ಎಡ್ಮಂಡ್ ಫಿಟ್ಜ್‌ಜೆರಾಲ್ಡ್’ ಹೊತ್ತಿದ್ದ ಅದಿರಿನ ಉಂಡೆ ಸುಮಾರು 26,000 ಟನ್. 1972ರಿಂದ ಬಂದ ಸಾವಿರ ಅಡಿಯ ಹಡಗುಗಳು ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಹೊರುತ್ತವೆ. ಆದರೆ ಸಿಬ್ಬಂದಿ ಅಷ್ಟಕ್ಕಷ್ಟೇ. ತಾವೇ ಕನ್ವೇಯರ್ ಚಾಚಿ ಸರಕು ಇಳಿಸುವ ಹಡಗುಗಳು ಬಂದ ಮೇಲೆ, ದಡದ ಕ್ರೇನಿಗೆ ಕಾಯುವವು ಮೂಲೆ ಸೇರಿದವು. 1980ರ ದಶಕದಲ್ಲಿ ಅಮೆರಿಕದ ಉಕ್ಕಿನ ಉದ್ಯಮ ಕುಸಿದಾಗ ಮುದಿ ಹಡಗುಗಳು ಸಾಲುಸಾಲಾಗಿ ಹೋದವು.

ಒಡೆಯುವುದೂ ಒಂದು ವಿಜ್ಞಾನವೇ. ನಮ್ಮ ಗುಜರಾತಿನ ಅಲಂಗ್‌ನಲ್ಲಿ ಉಬ್ಬರದ ನೀರು ಹತ್ತು ಮೀಟರ್‌ನಷ್ಟು ಏರುತ್ತದೆ. ಆಗ ಹಡಗನ್ನು ದಡಕ್ಕೆ ನುಗ್ಗಿಸಿದರೆ ಇಳಿತದಲ್ಲಿ ಅದು ಒಣನೆಲದ ಮೇಲೆ ಕೂರುತ್ತದೆ. ಮಹಾಸರೋವರಗಳಲ್ಲಿ ಉಬ್ಬರವೆಂದರೆ ಐದು ಸೆಂಟಿಮೀಟರಿಗೂ ಕಡಿಮೆ! ಆದ್ದರಿಂದ ಕೆನಡಾದ ಪೋರ್ಟ್ ಕಾಲ್ಬೋರ್ನ್‌ನಲ್ಲಿ ಹಡಗನ್ನು ದಡಕ್ಕೆ ಕಟ್ಟಿಹಾಕಿ ತುಂಡುತುಂಡಾಗಿ ಕತ್ತರಿಸುತ್ತಾರೆ. ಕತ್ತರಿಸುವ ಗ್ಯಾಸ್ ಕಟರ್ ಮೊದಲು ಉಕ್ಕನ್ನು ಕೆಂಪಗೆ ಕಾಯಿಸುತ್ತದೆ, ಬಳಿಕ ಶುದ್ಧ ಆಕ್ಸಿಜನ್ ಚಿಮ್ಮಿಸುತ್ತದೆ. ಆಗ ಕಬ್ಬಿಣ ಕರಗುವುದಷ್ಟೇ ಅಲ್ಲ, ಉರಿದು ಆಕ್ಸೈಡ್ ಆಗುತ್ತದೆ. ನೂರು ವರ್ಷ ದೂರವಿಟ್ಟ ಆ ಆಕ್ಸಿಜನ್ನೇ ಕೊನೆಗೆ ಬಂತು ನೋಡಿ.

ಇನ್ನು ಕೆಲವನ್ನು ಸಾಗರ ದಾಟಿಸಿ ಒಯ್ಯುತ್ತಾರೆ. 1942ರಲ್ಲಿ ಕಟ್ಟಿದ ‘ಅಮೆರಿಕನ್ ವಿಕ್ಟರಿ’ 2018ರಲ್ಲಿ ಟರ್ಕಿಯ ಅಲಿಯಾಗಾದಲ್ಲಿ ಮುಗಿಯಿತು. ಅದೇ ಹೊತ್ತಿಗೆ ಡುಲೂತ್‌ನಲ್ಲಿ ಕಟ್ಟಿಹಾಕಿದ್ದ ‘ಆರ್ಥರ್ ಎಂ. ಆಂಡರ್ಸನ್’ (1952) ಕೂಡ ಗುಜರಿಗೇ ಎಂದು ಹಲವರು ಹೆದರಿದ್ದರು. ಫಿಟ್ಜ್‌ಜೆರಾಲ್ಡ್ ಮುಳುಗಿದ ರಾತ್ರಿ ಅದರ ಹಿಂದೆಯೇ ಬರುತ್ತಿದ್ದ ಹಡಗಿದು. ಸುರಕ್ಷಿತ ಕೊಲ್ಲಿ ಸೇರಿದ್ದರೂ, ಬದುಕಿದವರಿದ್ದಾರೇನೋ ಎಂದು ಹುಡುಕಲು ಅದೇ ಬಿರುಗಾಳಿಗೆ ಮರಳಿತ್ತು. 2019ರಲ್ಲಿ ದುರಸ್ತಿಯಾಗಿ ಅದು ಮತ್ತೆ ಹೊರಟಾಗ ಡುಲೂತ್‌ನ ಕಾಲುವೆಯ ದಡದಲ್ಲಿ ಜನ ಸೇರಿದ್ದರು.

ಎಲ್ಲವನ್ನೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ಗುಜರಿ ಉಕ್ಕನ್ನು ಕರಗಿಸಿದರೆ ಅಷ್ಟು ಹೊಸ ಅದಿರು ಅಗೆಯುವುದು ತಪ್ಪುತ್ತದೆ. ನಿಂತ ಹಡಗಿಗೂ ಬಣ್ಣ, ದುರಸ್ತಿ, ಕಾವಲು ಬೇಕು. ದುಡ್ಡು ಕೊಡುವವರು ಯಾರು? ಟೊಲೀಡೊ, ಕ್ಲೀವ್‌ಲೆಂಡ್ ಮುಂತಾದೆಡೆ ಕೆಲವು ವಸ್ತುಸಂಗ್ರಹಾಲಯಗಳಾಗಿ ನಿಂತಿವೆ, ಅಷ್ಟು ಸಾಕು. ಆದರೂ ಈರಿ ಸರೋವರದ ಸೌತ್ ಬಾಸ್ ದ್ವೀಪದ ಉಪಾಯ ನನಗೆ ಬಹಳ ಹಿಡಿಸಿತು. 1924ರ ‘ಬೆನ್ಸನ್ ಫೋರ್ಡ್’ ಹಡಗನ್ನು ಗುಜರಿಗೆ ಹಾಕಿದಾಗ ಅದರ ಮೂತಿಯ ಭಾಗವನ್ನಷ್ಟೇ ಕತ್ತರಿಸಿ ತಂದು, 1986ರಲ್ಲಿ ಅಲ್ಲಿನ ಬಂಡೆಯಂಚಿನಲ್ಲಿ ಕೂರಿಸಿ ಮನೆ ಮಾಡಿಕೊಂಡರು. ಚುಕ್ಕಾಣಿ ಕೋಣೆಯ ಕಿಟಕಿಗಳು ಇಂದಿಗೂ ಸರೋವರದ ಕಡೆಗೇ ಇವೆ.