ಸೈಕಲ್ಲು ತುಳಿದರೆ ರೋಗ ಹೋದೀತೆ?

ಕಡೂರಿನಿಂದ ಹೊರಟು ಬೀರೂರು, ತರೀಕೆರೆಗಳನ್ನು ಹಾದು ಅಜ್ಜಂಪುರ ಮುಟ್ಟುವ ಸೈಕಲ್ ತಂಡವೊಂದಕ್ಕೆ ನಾನು ಹೆಸರು ಕೊಟ್ಟಿದ್ದೇನೆ. ಮಂಗನ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸುವುದು ತಂಡದ ಉದ್ದೇಶ. ಸುದ್ದಿ ಹೊರಬಿದ್ದಂದಿನಿಂದ ನನಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. "ಸೈಕಲ್ಲು ತುಳಿದರೆ ರೋಗ ಹೋದೀತೆ ಸ್ವಾಮಿ? ಸಂಶೋಧನೆ ಸರ್ಕಾರದ ಕೆಲಸ. ದುಡ್ಡು ಕೂಡಿದರೆ ಆಸ್ಪತ್ರೆಗೆ ನಾಲ್ಕು ಮಂಚ ಕೊಡಿಸಿ, ಪುಣ್ಯವಾದರೂ ಬರುತ್ತದೆ" ಎನ್ನುತ್ತಾರೆ.

ಮಂಚ ಬೇಡವೆಂದು ಯಾರು ಹೇಳಿದರು? ಆದರೆ ಮಂಚದ ಮೇಲೆ ಮಲಗಿದವನಿಗೆ ಕೊಡುವ ಔಷಧವೆಲ್ಲಿ? ಜ್ವರ ಇಳಿಸಬಹುದು, ಗ್ಲೂಕೋಸ್ ಏರಿಸಬಹುದು. ಆ ವೈರಾಣುವನ್ನೇ ಕೊಲ್ಲುವ ಮದ್ದು ಇಂದಿಗೂ ಇಲ್ಲ. ಇದೇನು ನಿನ್ನೆ ಮೊನ್ನೆ ಬಂದ ರೋಗವೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲ ಹಳ್ಳಿಯವರು ಜ್ವರ ಹಿಡಿದು ಮಲಗಿದರು. ಹಳದಿ ಜ್ವರವೇ ಬಂದಿತೋ ಎಂದು ಶಂಕಿಸಿ ಬಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಇದು ಬೇರೆಯೇ ವೈರಾಣು, ಉಣುಗು ಕಚ್ಚಿ ಹರಡುವಂಥದು ಎಂದು ಕಂಡುಹಿಡಿದರು. ಮುಂದೆ ಚುಚ್ಚುಮದ್ದೂ ಬಂತು. ಬಂತಲ್ಲ ಎಂದು ನಾವು ನೆಮ್ಮದಿಯಾಗಿ ಕುಳಿತೆವು. ದಶಕಗಳ ಕಾಲ ಅದನ್ನೇ ಚುಚ್ಚಿ, ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದಾಯಿತು. ಹೊಸದು ಕೈಗೆ ಬರುವ ಮುನ್ನವೇ ಹಳೆಯದು ಹೋಯಿತು.

ಈ ರೋಗ ತಗಲುವುದು ಯಾರಿಗೆ? ತರಗೆಲೆ ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೆ. ಸಕ್ಕರೆ ಕಾಯಿಲೆಯ ಮಾತ್ರೆಗಾದರೆ ಲೋಕವೆಲ್ಲ ಗಿರಾಕಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೂಲಿಯವಳ ಮದ್ದಿಗೆ ಯಾವ ಕಂಪನಿ ತಾನಾಗಿ ಬಂಡವಾಳ ಹೂಡೀತು?

"ಕಡೂರು ಬಯಲುಸೀಮೆ, ಮಲೆನಾಡಿನ ರೋಗ ನಮಗೇಕೆ?" ಎಂದವರೂ ಉಂಟು. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಹೆಸರು ಕೊಟ್ಟ ಊರು ನಾಲ್ಕು ಕಾಸನ್ನೂ ಕೊಡಲಿ.

ನಮ್ಮ ದಾನಿಗಳ ಸ್ವಭಾವ ನನಗೆ ಗೊತ್ತು. ಬೆಂಚಿನ ಮೇಲೆ ತಂದೆಯ ಹೆಸರು ಬರೆಸಬಹುದು, ಗೋಡೆ ಗಡಿಯಾರದ ಮೇಲೆ ಬರೆಸಬಹುದು (ಫ್ಯಾನಿನ ರೆಕ್ಕೆಯ ಮೇಲೆ ಬರೆಸಿದವರನ್ನೂ ಕಂಡಿದ್ದೇನೆ). ಪ್ರಯೋಗಶಾಲೆಯ ಶೀಶೆಯೊಳಗಿನ ವೈರಾಣುವಿನ ಮೇಲೆ ಬರೆಸುವುದು ಹೇಗೆ? ಹತ್ತು ವರ್ಷ ದುಡಿದ ಮೇಲೆ ಈ ದಾರಿ ಸರಿಯಲ್ಲವೆಂದಷ್ಟೇ ತಿಳಿದುಬರಬಹುದಾದ ಕೆಲಸಕ್ಕೆ ಯಾರ ಕೈಯೂ ಸುಲಭವಾಗಿ ಜೇಬಿಗೆ ಹೋಗುವುದಿಲ್ಲ. ಆದ್ದರಿಂದಲೇ ಮನೆಬಾಗಿಲಿಗೆ ಹೋಗಿ ಕೇಳಬೇಕು. ಬಿಸಿಲಲ್ಲಿ ಬೆವರಿಳಿಸಿಕೊಂಡು ಬಂದವನನ್ನು ಬರಿಗೈಯಲ್ಲಿ ಕಳಿಸಲು ನಮ್ಮ ಜನಕ್ಕೆ ಸಂಕೋಚ. ಆ ಸಂಕೋಚದ ಮೇಲೆಯೇ ನನ್ನ ಭರವಸೆ.

ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ 1980ರಲ್ಲಿ 36 ಮಂದಿ ಹೀಗೆಯೇ ಸೈಕಲ್ಲೇರಿ ಕ್ಯಾನ್ಸರ್ ಸಂಶೋಧನೆಗೆಂದು ಸುಮಾರು 10,000 ಡಾಲರ್ ಕೂಡಿಸಿದರು. ಸವಾರಿ ವರ್ಷವರ್ಷವೂ ಬೆಳೆಯಿತು. ಬಾಸ್ಟನ್ನಿನ ಡೇನಾ-ಫಾರ್ಬರ್ ಸಂಸ್ಥೆಗೆ ಈವರೆಗೆ ಸಂದದ್ದು 100 ಕೋಟಿ ಡಾಲರಿಗೂ ಮಿಗಿಲು. ನಾವು ಬಾಸ್ಟನ್ನಿನವರಲ್ಲ, ಒಪ್ಪಿದೆ. ಆದರೆ ಆ 36 ಮಂದಿಗೂ ಮೊದಲ ದಿನ ಇದ್ದದ್ದು ಎರಡೆರಡೇ ಕಾಲು.

ಒಂದು ಮಾತಿನಲ್ಲಿ ಮಾತ್ರ ಟೀಕಾಕಾರರಿಗೂ ನನಗೂ ಸಹಮತವುಂಟು. ಬಣ್ಣದ ಬನಿಯನ್ನು, ಬ್ಯಾನರು, ಹಾರ, ಉಪ್ಪಿಟ್ಟುಗಳಿಗೆ ಚಂದಾ ಹಣದ ಒಂದು ಕಾಸೂ ಹೋಗಕೂಡದು. ತುಳಿಯುವವರು ತಮ್ಮ ಖರ್ಚನ್ನು ತಾವೇ ಹೊರಬೇಕು. ತಂಡದ ಸಭೆಯಲ್ಲಿ ಇದನ್ನು ಹೇಳಿದಾಗ ಇಬ್ಬರು ಹುಬ್ಬು ಗಂಟಿಕ್ಕಿದರು. ಇಕ್ಕಲಿ. ರಸೀದಿ ಪುಸ್ತಕ ನನ್ನ ಬಳಿ ಇದೆ. ಅಜ್ಜಂಪುರದಲ್ಲಿ ಎಲ್ಲರೆದುರಿಗೆ ಲೆಕ್ಕ ಓದುತ್ತೇವೆ. ಮಂಚದ ಮಾತೆತ್ತಿದ ಮಹನೀಯರು ಅವಶ್ಯವಾಗಿ ಬರಲಿ. ಒಂದು ರಸೀದಿ ಹರಿಸಿಕೊಂಡ ಮೇಲೆ ಎಷ್ಟು ಪ್ರಶ್ನೆ ಬೇಕಾದರೂ ಕೇಳಲಿ.