ಗದ್ದುಗೆಗೆ ಜಾತ್ರೆ, ಗೋರಿಗೆ ಸೂತಕ?

ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಗೆ ದತ್ತ ಜಯಂತಿಯಂದು ಜನಸಾಗರ. ಬಸವಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾದಲ್ಲಿ ಉರುಸು. ಆ ಪದದ ಅರ್ಥವೇ ಮದುವೆ. ನಮ್ಮ ಮಠಗಳ ಗದ್ದುಗೆಗೂ ಹೂವು, ದೀಪ, ದಾಸೋಹ.

ಆದರೆ ನಾನು ಕಂಡ ನಮ್ಮ ರುದ್ರಭೂಮಿಗಳಲ್ಲಿ ಜಾಲಿ ಬೆಳೆದಿದೆ. ಮಣ್ಣು ಕೊಟ್ಟು ಬಂದವರು ಮೈಲಿಗೆಯೆಂದು ಮೀಯುತ್ತಾರೆ. ಧನಿಷ್ಠಾ ಪಂಚಕವೆಂದು ಹೆದರಿ ಮನೆಯನ್ನೇ ಬಿಡುತ್ತಾರೆ.

ಶರಣ ಬಂಧುಗಳೇ, ಕೇಳುತ್ತೇನೆ: ಸ್ವಾಮಿಗಳನ್ನೂ ರೈತನನ್ನೂ ಕುಳ್ಳಿರಿಸಿ, ಅಂಗೈಗೆ ಇಷ್ಟಲಿಂಗವಿಟ್ಟು, ಅದೇ ವಿಭೂತಿಯಲ್ಲಿ ಸಮಾಧಿ ಮಾಡುವುದಿಲ್ಲವೇ? ಒಬ್ಬರದು ಜಾತ್ರೆ, ಇನ್ನೊಬ್ಬರದು ಸೂತಕ ಹೇಗಾಯಿತು? ಮರಣವನ್ನು ಮಹಾನವಮಿಯೆಂದು ಬಗೆದ ಧರ್ಮ ನಮ್ಮದು. ಶರಣರು ಸೂತಕವನ್ನು ನಿರಾಕರಿಸಿದ್ದು ಇದೇ ಕಲ್ಯಾಣದಲ್ಲಿ. ಮಠಗಳು ವರ್ಷಕ್ಕೊಮ್ಮೆ ರುದ್ರಭೂಮಿಯಲ್ಲೇ ದಾಸೋಹ ನಡೆಸಲಿ. ಅಂದು ಅಲ್ಲಿ ಉಂಡವರು ಮೀಯದೆಯೇ ಮನೆ ಸೇರಲಿ.